ನಾನು ಹೇಳಿಕೊಂಡದ್ದು ಎಲ್ಲಿಗೆ ಹೋಗುತ್ತದೆ?

ಹಿಂದಿನ ಸಂಚಿಕೆಯಲ್ಲಿ ನಿದ್ದೆಗೆಟ್ಟವರೊಬ್ಬರ ಪತ್ರಕ್ಕೆ ಉತ್ತರಿಸುವಾಗ, ಹತ್ತಿರದ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಒಮ್ಮೆ ಕಾಣಿರಿ ಎಂದು ಬರೆದಿದ್ದೆ. ಅದನ್ನು ಓದಿ ಬಂದ ಪತ್ರಗಳಲ್ಲಿ ಹೆಚ್ಚಿನವು ನಿದ್ದೆಯ ಸುದ್ದಿಯನ್ನೇ ಎತ್ತಿಲ್ಲ; ಕಂಡರೆ ಆ ವಿಷಯ ಯಾರ ಕಿವಿಗೆ ಬೀಳುತ್ತದೆ, ಯಾವ ಕಡತದಲ್ಲಿ ಕೂರುತ್ತದೆ ಎಂದು ಕೇಳಿವೆ. ಆದ್ದರಿಂದ ಈ ಸಲದ ಪುಟವನ್ನು ಅದೊಂದೇ ವಿಚಾರಕ್ಕೆ ಮೀಸಲಿಟ್ಟಿದ್ದೇನೆ. ಪತ್ರ ಬರೆದವರ ಹೆಸರನ್ನು ಎಲ್ಲಿಯೂ ಕೊಟ್ಟಿಲ್ಲ, ಗುರುತು ಹತ್ತಬಹುದಾದ ವಿವರಗಳನ್ನೂ ತೆಗೆದಿದ್ದೇನೆ.

ಪ್ರಶ್ನೆ: ನಾನು ಮಲೆನಾಡಿನ ತಾಲ್ಲೂಕು ಕೇಂದ್ರವೊಂದರಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಒಂದು ವರ್ಷದಿಂದ ಮನಸ್ಸು ಸರಿಯಿಲ್ಲ. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ, ಆದರೆ ಆ ಸಾಲಿನಲ್ಲಿ ನನ್ನ ವಿದ್ಯಾರ್ಥಿಗಳ ತಾಯಂದಿರೇ ಕೂತಿರುತ್ತಾರೆ. ಮಾನಸಿಕ ಆರೋಗ್ಯದ ಸಹಾಯವಾಣಿ 14416ಕ್ಕೆ ಕರೆ ಮಾಡೋಣವೆಂದರೆ ಹೆಸರು, ಊರು ದಾಖಲಾಗಿ ಮುಂದೆ ಇಲಾಖೆಗೋ ಪೊಲೀಸರಿಗೋ ಹೋದೀತೆಂಬ ಭಯ. ಸಾಯಬೇಕೆನ್ನಿಸಿದ್ದನ್ನು ಹೇಳಿದರೆ ಕೇಸು ಹಾಕುತ್ತಾರೆಯೇ? — ಶಿವಮೊಗ್ಗ ಜಿಲ್ಲೆ

ಉತ್ತರ: ಕೊನೆಯ ಮಾತಿಗೆ ಮೊದಲು ಉತ್ತರಿಸುತ್ತೇನೆ. ಕೇಸು ಹಾಕುವುದಿಲ್ಲ. ಸಾಯಬೇಕೆನ್ನಿಸಿತು ಎಂದು ಹೇಳಿಕೊಳ್ಳುವುದು ನಮ್ಮ ದೇಶದಲ್ಲಿ ಎಂದೂ ಅಪರಾಧವಾಗಿರಲಿಲ್ಲ. ಪ್ರಯತ್ನಿಸಿದವರನ್ನು ಶಿಕ್ಷಿಸುವ ಹಳೆಯ 309ನೆಯ ಕಲಮು ದಂಡಸಂಹಿತೆಯಲ್ಲಿ ಇದ್ದದ್ದು ನಿಜ. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೆಯ ಕಲಮು, ಹಾಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ವಿಚಾರಣೆಗೆ ಗುರಿಮಾಡಬಾರದು ಎಂದು ಹೇಳಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹಳೆಯ ಕಲಮೇ ಇಲ್ಲ. ಆ ಯೋಚನೆ ಈಗಲೂ ಬರುತ್ತಿದ್ದರೆ ದಯವಿಟ್ಟು ಈ ಪುಟವನ್ನು ಓದಿ ಮುಗಿಸುವವರೆಗೂ ಕಾಯದೆ ಕರೆ ಮಾಡಿ. ಟೆಲಿ ಮಾನಸ್ ಎಂಬ ಆ ಸೇವೆ 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ, ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ಅದರ ರಾಷ್ಟ್ರಮಟ್ಟದ ಕೇಂದ್ರ ನಮ್ಮ ನಿಮ್ಹಾನ್ಸ್‌.

ಈಗ ದಾಖಲೆಯ ವಿಚಾರ. ಯಾವ ಸಹಾಯವಾಣಿಗೆ ಕರೆ ಮಾಡಿದರೂ ನಿಮ್ಮ ಫೋನ್ ಸಂಖ್ಯೆ ಅವರಿಗೆ ಕಾಣುತ್ತದೆ ಎಂದೇ ತಿಳಿದುಕೊಳ್ಳಿ. ಹೆಸರು ಹೇಳಲು ಮನಸ್ಸಿಲ್ಲದಿದ್ದರೆ ಮಾತಿನ ಆರಂಭದಲ್ಲೇ ಹಾಗೆಂದು ತಿಳಿಸಿ. ಶಾಲೆಯ ಹೆಸರು, ಹುದ್ದೆ ಹೇಳದೆಯೂ ನಿಮ್ಮ ಕಷ್ಟವನ್ನು ಪೂರ್ತಿಯಾಗಿ ಹೇಳಿಕೊಳ್ಳಬಹುದು. ನೀವು ಹೇಳಿದ್ದನ್ನು ಶಿಕ್ಷಣ ಇಲಾಖೆಗೆ ಕಳಿಸುವ ದಾರಿಯೂ ಇಲ್ಲ, ಅಧಿಕಾರವೂ ಇಲ್ಲ. ಮೇಲೆ ಹೇಳಿದ ಕಾಯ್ದೆಯ 23ನೆಯ ಕಲಮು ಮಾನಸಿಕ ಅಸ್ವಸ್ಥತೆಯುಳ್ಳವರಿಗೆ ತಮ್ಮ ಆರೋಗ್ಯ, ಆರೈಕೆ, ಚಿಕಿತ್ಸೆಗಳ ವಿಚಾರದಲ್ಲಿ ಗೋಪ್ಯತೆಯ ಹಕ್ಕನ್ನು ಕೊಟ್ಟಿದೆ, ಚಿಕಿತ್ಸೆ ಕೊಡುವವರೆಲ್ಲರ ಮೇಲೆ ಅದನ್ನು ಕಾಪಾಡುವ ಹೊಣೆ ಹೊರಿಸಿದೆ. ಆದರೆ ಇದು ಬಾವಿಗೆ ಬಿದ್ದ ಕಲ್ಲಿನಂಥ ಗುಟ್ಟಲ್ಲ. ನಿಮ್ಮನ್ನು ನೋಡುವ ಬೇರೆ ವೈದ್ಯರಿಗೆ ಚಿಕಿತ್ಸೆಗಾಗಿ ತಿಳಿಸಬಹುದು. ಚಿಕಿತ್ಸೆಯ ವಿಚಾರದಲ್ಲಿ ನಿಮ್ಮ ಪರವಾಗಿ ನಿಲ್ಲಲೆಂದು ನೀವೇ ಹೆಸರಿಸಿದ ಪ್ರತಿನಿಧಿಗೆ, ಅವರ ಕರ್ತವ್ಯಕ್ಕೆ ಬೇಕಾದಷ್ಟನ್ನು ತಿಳಿಸಬಹುದು. ನಿಮ್ಮ ಜೀವಕ್ಕೆ ಅಪಾಯವಿದ್ದರೆ, ಅಥವಾ ನಿಮ್ಮಿಂದ ಇನ್ನೊಬ್ಬರಿಗೆ ಹಾನಿಯಾಗುವಂತಿದ್ದರೆ, ಆ ಅಪಾಯ ತಪ್ಪಿಸಲು ಎಷ್ಟು ಅಗತ್ಯವೋ ಅಷ್ಟನ್ನು ಹೊರಗೆ ಹೇಳಬಹುದು. ನ್ಯಾಯಾಲಯವೋ ಅಧಿಕಾರವುಳ್ಳ ಪ್ರಾಧಿಕಾರವೋ ಆದೇಶಿಸಿದರೆ ಕೊಡಬೇಕಾಗುತ್ತದೆ. ಸಾರ್ವಜನಿಕ ಸುರಕ್ಷತೆಯ ಹೆಸರಿನಲ್ಲೂ ಒಂದು ಬಾಗಿಲನ್ನು ಕಾಯ್ದೆ ತೆರೆದಿಟ್ಟಿದೆ. ಈ ಕೊನೆಯದು ಬೇಕಾದುದಕ್ಕಿಂತ ಅಗಲವಾಯಿತೆಂದು ನನ್ನ ಅಭಿಪ್ರಾಯ. ಹೀಗಾಗಿ, ಈಗಲೇ ಪ್ರಾಣ ಕಳೆದುಕೊಳ್ಳುತ್ತೇನೆ ಎಂದು ನೀವು ಹೇಳಿದ ಪಕ್ಷದಲ್ಲಿ, ಕೇಳಿಸಿಕೊಂಡವರು ನಿಮ್ಮನ್ನು ಉಳಿಸಲು ಯಾರನ್ನಾದರೂ ಕಳಿಸಲು ಯತ್ನಿಸಿಯಾರು. ಅದು ದೂರು ಕೊಡುವುದಲ್ಲ.

ನಾನು ಕಂಡ ಮಟ್ಟಿಗೆ ಸಣ್ಣ ಊರುಗಳಲ್ಲಿ ಗುಟ್ಟು ಕಂಪ್ಯೂಟರಿನಿಂದ ಸೋರುವುದು ಕಡಿಮೆ. ಬೆಂಚಿನಿಂದ, ಚೀಟಿ ಕೊಡುವ ಕಿಟಕಿಯಿಂದ, ಔಷಧಿ ಅಂಗಡಿಯ ಗಲ್ಲಾದಿಂದ ಸೋರುವುದೇ ಹೆಚ್ಚು. ಮನೋಚೈತನ್ಯ ಕಾರ್ಯಕ್ರಮದಡಿ ತಜ್ಞರು ತಾಲ್ಲೂಕಿಗೆ ಬರುವಂತಾದದ್ದು ನಮ್ಮ ರಾಜ್ಯ ಹೆಮ್ಮೆಪಡಬೇಕಾದ ಕೆಲಸ, ಆದರೆ ಮಂಗಳವಾರ ಆ ಕೋಣೆಯ ಮುಂದೆ ಕೂತವರೆಲ್ಲ ಏಕೆ ಕೂತಿದ್ದಾರೆಂದು ಊರಿಗೇ ಗೊತ್ತಾಗುವುದು ಆ ಒಳ್ಳೆಯ ಏರ್ಪಾಡಿನ ಬಾಲ. ಹೆಸರು ಕೂಗುವ ಬದಲು ಟೋಕನ್ ಸಂಖ್ಯೆ ಕೂಗಿ ಎಂದು ಕೇಳುವ ಹಕ್ಕು ನಿಮಗಿದೆ. ಆಸ್ಪತ್ರೆಗೆ ಅದರಿಂದ ಒಂದು ರೂಪಾಯಿಯ ಖರ್ಚೂ ಇಲ್ಲ. ಪಕ್ಕದ ತಾಲ್ಲೂಕಿಗೋ ಜಿಲ್ಲಾ ಆಸ್ಪತ್ರೆಗೋ ಹೋದರೂ ತಪ್ಪಿಲ್ಲ, ಅನೇಕರು ಹೋಗುತ್ತಾರೆ. ಇನ್ನು, ಕರೆ ಮಾಡಿದ ಮೇಲೆ ಮೊಬೈಲಿನಲ್ಲಿ ಉಳಿಯುವ ಸಂಖ್ಯೆಯನ್ನು ಅಳಿಸಿಬಿಡಿ. ಮನೆಯವರ ಫೋನಿನಿಂದ ಮಾಡುವುದಾದರೆ ಅದನ್ನು ಮರೆಯಲೇಬೇಡಿ.

ಪ್ರಶ್ನೆ: ನಮ್ಮ ಮಗಳಿಗೆ ಹದಿನಾರು ವರ್ಷ, ಪಿಯುಸಿ ಓದುತ್ತಿದ್ದಾಳೆ. ಊಟ ಬಿಟ್ಟು ಮಂಕಾಗಿದ್ದಳೆಂದು ನಾವೇ ಆಪ್ತಸಮಾಲೋಚಕಿಯ ಬಳಿ ಕರೆದುಕೊಂಡು ಹೋದೆವು. ಐದು ಸಲ ಆಯಿತು, ಪ್ರತಿ ಸಲ ಫೀಸು ನಮ್ಮದೇ, ಆದರೆ ಅವಳು ಏನು ಹೇಳಿದಳೆಂದು ಕೇಳಿದರೆ ಆ ಮೇಡಂ ಬಾಯಿ ಬಿಡುವುದಿಲ್ಲ. ತಂದೆತಾಯಿಗೆ ಹಕ್ಕಿಲ್ಲವೇನ್ರಿ? — ಹುಬ್ಬಳ್ಳಿ

ಉತ್ತರ: ಹಕ್ಕಿದೆ, ಆದರೆ ನೀವು ಅಂದುಕೊಂಡಷ್ಟು ಇಲ್ಲ. ಹದಿನೆಂಟು ತುಂಬದವರ ಪಾಲಿಗೆ ಪೋಷಕರೇ ನಾಮನಿರ್ದೇಶಿತ ಪ್ರತಿನಿಧಿಗಳು ಎಂದು 2017ರ ಕಾಯ್ದೆ ಹೇಳುತ್ತದೆ. ಹಾಗಾಗಿ ಮಗಳಿಗೆ ಏನಾಗಿದೆ, ಯಾವ ಚಿಕಿತ್ಸೆ ನಡೆಯುತ್ತಿದೆ, ಔಷಧಿ ಬೇಕೇ, ಮನೆಯಲ್ಲಿ ಯಾವುದಕ್ಕೆ ಎಚ್ಚರವಿರಬೇಕು ಎಂಬುದನ್ನು ಕೇಳಿ ತಿಳಿಯಲು ನೀವು ಪೂರ್ತಿ ಅರ್ಹರು. ಅವನ್ನೂ ಆಕೆ ಹೇಳದಿದ್ದರೆ ನಿಮ್ಮ ದೂರು ನ್ಯಾಯವಾದದ್ದು. ಆದರೆ ಪ್ರತಿನಿಧಿಗೆ ತಿಳಿಸಬೇಕಾದದ್ದು ಅವರ ಕರ್ತವ್ಯ ನಿಭಾಯಿಸಲು ಬೇಕಾದಷ್ಟನ್ನು. ಮುಚ್ಚಿದ ಬಾಗಿಲಿನ ಹಿಂದೆ ಮಗು ಆಡಿದ ಒಂದೊಂದು ಮಾತೂ ಆ ಲೆಕ್ಕಕ್ಕೆ ಬರುವುದಿಲ್ಲ. ಫೀಸಿನ ರಸೀದಿಯಿಂದ ಆ ಹಕ್ಕು ಹುಟ್ಟುವುದೂ ಇಲ್ಲ.

ಪೋಷಕರ ಈ ಸಂಕಟವನ್ನು ನಾನು ಹಗುರವಾಗಿ ಎಣಿಸುತ್ತಿಲ್ಲ. ಹೆತ್ತ ಹೊಟ್ಟೆಗೆ ತಿಳಿಯಬಾರದ್ದೇನು ಪರರಿಗೆ ತಿಳಿಯಿತು ಎಂಬ ಪ್ರಶ್ನೆ ಎಂಥವರನ್ನೂ ಕೊರೆಯುತ್ತದೆ. ಆದರೂ ಒಮ್ಮೆ ಮಗಳ ಜಾಗದಲ್ಲಿ ನಿಂತು ನೋಡಿ. ತಾನು ಆಡಿದ್ದು ಸಂಜೆ ಊಟದ ಹೊತ್ತಿಗೆ ಮನೆ ಮುಟ್ಟುತ್ತದೆಂದು ಗೊತ್ತಾದ ಹುಡುಗಿ ಆರನೆಯ ಸಲ ಹೋಗಿ ಆಡುವುದು ಹವಾಮಾನದ ಮಾತು ಮಾತ್ರ. ನೀವು ಕೊಡುತ್ತಿರುವ ಹಣ ಸಾರ್ಥಕವಾಗುವುದೇ ಆ ಮೇಡಂ ಬಾಯಿ ಮುಚ್ಚಿಕೊಂಡಿರುವುದರಿಂದ.

ಆಕೆ ಮುಚ್ಚಿಡುವಂತಿಲ್ಲದ ಸಂಗತಿಗಳೂ ಇವೆ. ಜೀವಾಪಾಯದ ಸುಳಿವು ಸಿಕ್ಕರೆ ನಿಮಗೆ ತಿಳಿಸಲೇಬೇಕು. ಹುಡುಗಿಯ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ತಿಳಿದರೆ ಪೋಕ್ಸೋ ಕಾಯ್ದೆಯ 19ನೆಯ ಕಲಮಿನ ಪ್ರಕಾರ ಪೊಲೀಸರಿಗೆ ವರದಿ ಮಾಡಲೇಬೇಕು. ಮಾಡದಿದ್ದರೆ ಆಕೆಗೇ ಶಿಕ್ಷೆಯುಂಟು, ಗೋಪ್ಯತೆಯ ಮಾತು ಅಲ್ಲಿ ನಿಲ್ಲುವುದಿಲ್ಲ. ನುರಿತ ಸಮಾಲೋಚಕರು ಈ ಎರಡನ್ನೂ ಮೊದಲ ದಿನವೇ ಮಗುವಿಗೂ ಪೋಷಕರಿಗೂ ಒಟ್ಟಿಗೆ ಕೂರಿಸಿ ಹೇಳುತ್ತಾರೆ. ನಿಮಗೆ ಹಾಗೆ ಹೇಳಿದ ನೆನಪಿಲ್ಲವಾದರೆ ಮುಂದಿನ ಸಲ ಮೂವರೂ ಕೂತು ಹತ್ತು ನಿಮಿಷ ಅದನ್ನು ಮಾತನಾಡಿಕೊಳ್ಳಿ. ಮಗಳ ಡೈರಿಯನ್ನೋ ಮೊಬೈಲನ್ನೋ ತೆರೆದು ನೋಡುವ ಯೋಚನೆ ಇದ್ದರೆ ಬಿಟ್ಟುಬಿಡಿ. ನಿಮ್ಮ ಪತ್ರದ ಧಾಟಿ ನೋಡಿ ಈ ಮಾತು ಸೇರಿಸಿದ್ದೇನೆ, ತಪ್ಪಾಗಿದ್ದರೆ ಮನ್ನಿಸಿ.

ಪ್ರಶ್ನೆ: ನಮ್ಮ ಕಂಪನಿ ನೌಕರರಿಗೆ ಉಚಿತ ಕೌನ್ಸೆಲಿಂಗ್ ಕೊಡಿಸುತ್ತದೆ. ಹೊರಗಿನ ಸಂಸ್ಥೆಯೊಂದು ಆ್ಯಪ್ ಮೂಲಕ ನಡೆಸುವ ಸೇವೆ ಅದು. ಎಚ್‌ಆರ್‌ಗೆ ಏನೂ ತಿಳಿಯುವುದಿಲ್ಲ ಎನ್ನುತ್ತಾರೆ. ನಂಬಬಹುದೇ? — ಬೆಂಗಳೂರು, ಸಾಫ್ಟ್‌ವೇರ್ ಉದ್ಯೋಗಿ

ಉತ್ತರ: ಅರ್ಧ ನಂಬಿ, ಉಳಿದರ್ಧವನ್ನು ಕೇಳಿ ತಿಳಿದುಕೊಳ್ಳಿ. ಸಾಮಾನ್ಯವಾಗಿ ಇಂಥ ಒಪ್ಪಂದಗಳಲ್ಲಿ ಯಾರು ಬಂದರು, ಏನು ಹೇಳಿದರು ಎಂಬುದನ್ನು ಕಂಪನಿಗೆ ಕೊಡುವುದಿಲ್ಲ. ಎಷ್ಟು ಮಂದಿ ಬಳಸಿದರು, ಕೆಲಸದ ಒತ್ತಡಕ್ಕೆ ಎಷ್ಟು, ಸಂಸಾರದ ತೊಂದರೆಗೆ ಎಷ್ಟು ಎಂಬ ಮೊತ್ತದ ಲೆಕ್ಕವಷ್ಟೇ ಹೋಗುತ್ತದೆ. ಸಾವಿರ ಜನರ ಕಂಪನಿಯಲ್ಲಿ ಆ ಲೆಕ್ಕದಿಂದ ಯಾರಿಗೂ ಏನೂ ಆಗದು. ಎಂಟು ಜನರ ತಂಡಕ್ಕೆ ಬೇರೆಯೇ ಪಟ್ಟಿ ಮಾಡಿ, ಒಬ್ಬರು, ದಾಂಪತ್ಯ ಕಲಹ, ಎಂದು ಬರೆದರೆ ಅದು ಹೆಸರು ಬರೆದಷ್ಟೇ ಸಲೀಸಾಗಿ ಗುರುತು ಹಿಡಿಸುತ್ತದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಎಚ್‌ಆರ್‌ಗೆ ತಿಳಿಯುತ್ತದೆಯೇ ಎಂಬುದಲ್ಲ. ವರದಿಯನ್ನು ವಿಭಾಗವಾರು ಕೊಡುತ್ತೀರಾ, ಎಷ್ಟು ಜನಕ್ಕಿಂತ ಚಿಕ್ಕ ಗುಂಪಿನ ಲೆಕ್ಕವನ್ನು ಬಿಟ್ಟುಬಿಡುತ್ತೀರಿ ಎಂಬುದು. ಮ್ಯಾನೇಜರೇ ನಿಮ್ಮನ್ನು ಕಳಿಸಿದ್ದರೆ ನೀವು ಹೋದಿರೋ ಇಲ್ಲವೋ ಎಂಬಷ್ಟು ಮಾಹಿತಿ ಹಿಂದಕ್ಕೆ ಹೋಗುವುದುಂಟು, ಅದನ್ನೂ ಮೊದಲೇ ಕೇಳಿಕೊಳ್ಳಿ. ಕಂಪನಿಯ ಲ್ಯಾಪ್‌ಟಾಪಿನಲ್ಲಿ, ಕಂಪನಿಯ ಇಮೇಲಿನಿಂದ ಲಾಗಿನ್ ಆಗಬೇಡಿ. ಆ ಯಂತ್ರದಲ್ಲಿ ನೀವು ತೆರೆಯುವ ಪುಟಗಳನ್ನು ನೋಡಲು ಐಟಿ ವಿಭಾಗಕ್ಕೆ ಸಾಧ್ಯ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ನನಗೆ ಹೆಚ್ಚು ಚಿಂತೆಯಿರುವುದು ಎಚ್‌ಆರ್‌ ವಿಚಾರದಲ್ಲಲ್ಲ, ಆ್ಯಪಿನ ವಿಚಾರದಲ್ಲಿ. ಅಮೆರಿಕದ ಬೆಟರ್‌ಹೆಲ್ಪ್ ಎಂಬ ದೊಡ್ಡ ಆನ್‌ಲೈನ್ ಸಮಾಲೋಚನಾ ಸಂಸ್ಥೆಯ ಮೇಲೆ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2023ರ ಮಾರ್ಚ್‌ನಲ್ಲಿ ಕ್ರಮ ಕೈಗೊಂಡಿತು. ನಿಮ್ಮ ವಿವರ ಗೋಪ್ಯವಾಗಿರುತ್ತದೆ ಎಂದು ಭರವಸೆ ಕೊಟ್ಟು, ಬಳಕೆದಾರರ ಇಮೇಲ್, ಐಪಿ ವಿಳಾಸ, ಸೇರುವಾಗ ತುಂಬಿದ ಪ್ರಶ್ನಾವಳಿಯ ಉತ್ತರಗಳನ್ನು ಜಾಹೀರಾತಿಗಾಗಿ ಫೇಸ್‌ಬುಕ್, ಸ್ನ್ಯಾಪ್‌ಚಾಟ್, ಕ್ರಿಟಿಯೊ, ಪಿಂಟರೆಸ್ಟ್‌ಗಳಿಗೆ ಹಂಚಿತು ಎಂಬುದು ಆರೋಪ. ಸಂಸ್ಥೆ ತಪ್ಪೊಪ್ಪಿಕೊಳ್ಳಲಿಲ್ಲ, ಆದರೆ 78 ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು. ಆ ಹಣ ಬಳಕೆದಾರರಿಗೆ ಮರಳಿಸಲೆಂದು. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಸಮಾಲೋಚಕರೊಡನೆ ಆಡಿದ ಮಾತು ಸೋರಿತೆಂದು ಯಾರೂ ಹೇಳಲಿಲ್ಲ. ಈ ಇಮೇಲಿನವರು ಸಮಾಲೋಚನೆ ಹುಡುಕಿಕೊಂಡು ಬಂದಿದ್ದರು ಎಂಬ ಸಂಗತಿಯೇ ಮಾರಾಟದ ಸರಕಾಯಿತು. ವೈದ್ಯರ ಕೋಣೆಯ ಮಾತು ಹೊರಗೆ ಬರದಿದ್ದರೂ, ಬಾಗಿಲಲ್ಲಿ ನಿಂತು ಯಾರು ಬಂದರೆಂದು ಬರೆದುಕೊಳ್ಳುವವನೊಬ್ಬನಿದ್ದ ಹಾಗೆ.

ನಮ್ಮಲ್ಲಿ ಸದ್ಯದ ಕಾನೂನಿನ ಸ್ಥಿತಿ ಮಧ್ಯಂತರದ್ದು. ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿಯ 2011ರ ನಿಯಮಗಳು ಮಾನಸಿಕ ಆರೋಗ್ಯದ ಸ್ಥಿತಿಯನ್ನು ಹೆಸರು ಹಿಡಿದು ಸೂಕ್ಷ್ಮ ವೈಯಕ್ತಿಕ ಮಾಹಿತಿಯೆಂದು ಕರೆದಿದ್ದವು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಆ ಪ್ರತ್ಯೇಕ ವರ್ಗವಿಲ್ಲ; ನಿಮ್ಮ ಖಿನ್ನತೆಯೂ ನಿಮ್ಮ ಚಪ್ಪಲಿಯ ಅಳತೆಯೂ ಅದರ ಕಣ್ಣಿಗೆ ಒಂದೇ ಬಗೆಯ ದತ್ತಾಂಶ. ಇದು ಹಿನ್ನಡೆಯೆಂದೇ ನಾನು ಭಾವಿಸುತ್ತೇನೆ. ಅದಕ್ಕೆ ಪ್ರತಿಯಾಗಿ ಹೊಸ ಕಾಯ್ದೆ ಕೊಡುವುದೂ ಕಡಿಮೆಯಲ್ಲ: ನಿಮ್ಮ ಬಗ್ಗೆ ಏನಿದೆಯೆಂದು ಕೇಳುವ, ತಿದ್ದಿಸುವ, ಅಳಿಸಿಸುವ, ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯುವ ಹಕ್ಕುಗಳಿವೆ, ದತ್ತಾಂಶವನ್ನು ಭದ್ರವಾಗಿಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡವಿದೆ. ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ, ಸಂಸ್ಥೆಗಳ ಮುಖ್ಯ ಹೊಣೆಗಳಿಗೆ ಅಲ್ಲಿಂದ 18 ತಿಂಗಳ ಕಾಲಾವಕಾಶ. ಈ ಎಲ್ಲ ಕಾನೂನಿಗೂ ಬುನಾದಿಯಾದ ಖಾಸಗಿತನದ ಮೂಲಭೂತ ಹಕ್ಕನ್ನು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಎತ್ತಿಹಿಡಿದದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಎಂಬುದನ್ನು ಕನ್ನಡಿಗರು ಮರೆಯಬಾರದು.

ಪ್ರಶ್ನೆ: ಸರ್ಕಾರಿ ನೌಕರ. ಖಿನ್ನತೆಗೆ ಆಸ್ಪತ್ರೆಯಲ್ಲಿ ಒಂದು ವಾರ ಇದ್ದೆ. ವೈದ್ಯಕೀಯ ವೆಚ್ಚ ಮರುಪಾವತಿಗೆ ಬಿಲ್ಲು ಹಾಕಿದ ಮೇಲೆ ಕಚೇರಿಯಲ್ಲಿ ಎಲ್ಲರೂ ನನ್ನನ್ನು ವಿಚಿತ್ರವಾಗಿ ನೋಡುತ್ತಿದ್ದಾರೆ. — ಕೊಪ್ಪಳ ಜಿಲ್ಲೆ

ಉತ್ತರ: ಬಿಲ್ಲಿನ ಜೊತೆ ಹೋದ ಡಿಸ್ಚಾರ್ಜ್ ಸಮ್ಮರಿಯನ್ನು ಮೇಜಿನಿಂದ ಮೇಜಿಗೆ ದಾಟಿಸುವಾಗ ಯಾರೋ ಓದಿದ್ದಾರೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೆಯ ಕಲಮು ಹಿಡಿದಿಡುವುದು ಚಿಕಿತ್ಸೆ ಕೊಟ್ಟವರನ್ನು. ಕಚೇರಿಯ ಗುಮಾಸ್ತರನ್ನು ಅದು ಮುಟ್ಟುವುದಿಲ್ಲ, ಅವರಿಗೆ ಅನ್ವಯಿಸುವುದು ಸೇವಾ ನಡತೆಯ ನಿಯಮಗಳು. ಮುಂದಿನ ಬಿಲ್ಲನ್ನು ಮಂಜೂರು ಮಾಡುವ ಅಧಿಕಾರಿಯ ಹೆಸರಿಗೆ, ಗೋಪ್ಯ ಎಂದು ಬರೆದ ಮೊಹರು ಮಾಡಿದ ಲಕೋಟೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ವೈದ್ಯರ ಬಳಿ, ಮರುಪಾವತಿಗೆ ಬೇಕಾದಷ್ಟೇ ವಿವರವಿರುವ ಪ್ರಮಾಣಪತ್ರ ಕೇಳಬಹುದು; ರೋಗದ ಹೆಸರನ್ನೇ ಬದಲಿಸಿ ಬರೆಯಿರಿ ಎಂದು ಮಾತ್ರ ಕೇಳಬೇಡಿ, ಅದು ಸುಳ್ಳು ಪ್ರಮಾಣಪತ್ರವಾಗುತ್ತದೆ. ಯಾರಾದರೂ ಮಾಹಿತಿ ಹಕ್ಕಿನಡಿ ನಿಮ್ಮ ಬಿಲ್ಲುಗಳ ಪ್ರತಿ ಕೇಳಿದರೆ, ಅದು ವೈಯಕ್ತಿಕ ಮಾಹಿತಿಯಾದ್ದರಿಂದ 8(1)(ಜೆ) ಕಲಮಿನ ಪ್ರಕಾರ ಕೊಡಬಾರದೆಂದು ಲಿಖಿತವಾಗಿ ಆಕ್ಷೇಪಿಸಿ. ನೋಟದ ವಿಚಾರಕ್ಕೆ ನನ್ನಲ್ಲಿ ಮದ್ದಿಲ್ಲ.

ಪ್ರಶ್ನೆ: ಹೆರಿಗೆಯ ನಂತರ ನನಗೆ ಮಾನಸಿಕ ತೊಂದರೆಯಾಗಿ ಎಂಟು ತಿಂಗಳು ಚಿಕಿತ್ಸೆ ಪಡೆದೆ, ಈಗ ಗುಣವಾಗಿದ್ದೇನೆ. ಆಗ ಗಂಡನೇ ಆಸ್ಪತ್ರೆಗೆ ಬರುತ್ತಿದ್ದರು. ಈಗ ವಿಚ್ಛೇದನದ ಕೇಸು ಹಾಕಿ, ನನ್ನ ಬುದ್ಧಿ ಸ್ಥಿಮಿತವಿಲ್ಲವೆಂದು ಬರೆಸಿದ್ದಾರೆ. ಅವರ ವಕೀಲರು ನನ್ನ ಕಡತ ಕೊಡಿ ಎಂದು ಆಸ್ಪತ್ರೆಗೆ ನೋಟಿಸ್ ಕಳಿಸಿದ್ದಾರಂತೆ. ನಾನು ಕೇಳಿದರೆ ನನಗೂ ಕೊಡುತ್ತಿಲ್ಲ. — ಮಂಡ್ಯ

ಉತ್ತರ: ಈ ತಿಂಗಳ ಪತ್ರಗಳಲ್ಲಿ ನನ್ನನ್ನು ಹೆಚ್ಚು ಕಲಕಿದ್ದು ನಿಮ್ಮದು, ತಂಗಿ. ಮೊದಲ ಮಾತು: ವಕೀಲರ ನೋಟಿಸ್ ನ್ಯಾಯಾಲಯದ ಆದೇಶವಲ್ಲ. ಅದನ್ನು ನೋಡಿ ಆಸ್ಪತ್ರೆ ಒಂದು ಹಾಳೆಯನ್ನೂ ಕೊಡುವಂತಿಲ್ಲ. ಇಂದೇ ಆಸ್ಪತ್ರೆಯ ಮುಖ್ಯಸ್ಥರಿಗೆ, ನನ್ನ ಲಿಖಿತ ಒಪ್ಪಿಗೆಯಾಗಲಿ ನ್ಯಾಯಾಲಯದ ಆದೇಶವಾಗಲಿ ಇಲ್ಲದೆ ಯಾರಿಗೂ ದಾಖಲೆ ಕೊಡಬಾರದು ಎಂದು ಒಂದು ಪತ್ರ ಬರೆದು ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ಚಿಕಿತ್ಸೆಯ ಕಾಲದಲ್ಲಿ ಗಂಡನನ್ನು ನಿಮ್ಮ ಪ್ರತಿನಿಧಿಯೆಂದು ಬರೆದುಕೊಟ್ಟಿದ್ದರೆ ಅದನ್ನು ರದ್ದುಪಡಿಸಿದ್ದೇನೆ ಎಂಬ ಮಾತನ್ನೂ ಅದೇ ಪತ್ರದಲ್ಲಿ ಸೇರಿಸಿ. ಹಾಗೆ ನೇಮಿಸಿದವರನ್ನು ಯಾವಾಗ ಬೇಕಾದರೂ ತೆಗೆಯಬಹುದು. ಆಗ ಜೊತೆಗೆ ಬಂದು ಕೂತಿದ್ದರೆಂಬ ಕಾರಣಕ್ಕೆ ಕಡತ ಅವರದಾಗುವುದಿಲ್ಲ.

ಎರಡನೆಯದು, ನಿಮ್ಮ ದಾಖಲೆ ನಿಮಗೆ ಸಿಗಬೇಕು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 25ನೆಯ ಕಲಮು ಆ ಹಕ್ಕನ್ನು ಕೊಟ್ಟಿದೆ. ನಿಮಗೆ ಗಂಭೀರ ಮಾನಸಿಕ ಹಾನಿಯಾದೀತು ಅಥವಾ ಇತರರಿಗೆ ತೊಂದರೆಯಾದೀತು ಎನ್ನಿಸಿದ ನಿರ್ದಿಷ್ಟ ಭಾಗವನ್ನು ವೈದ್ಯರು ತಡೆಹಿಡಿಯಬಹುದು. ಹಾಗೆ ತಡೆದಾಗ, ಮಾನಸಿಕ ಆರೋಗ್ಯ ಪರಾಮರ್ಶೆ ಮಂಡಳಿಗೆ ಅರ್ಜಿ ಹಾಕಬಹುದೆಂದು ನಿಮಗೆ ತಿಳಿಸಬೇಕಾದದ್ದೂ ಅವರ ಕರ್ತವ್ಯ. ಒಳರೋಗಿಯಾಗಿದ್ದ ಅವಧಿಯ ದಾಖಲೆಗೆ ಇನ್ನೊಂದು ದಾರಿಯೂ ಇದೆ: ವೈದ್ಯರ ವೃತ್ತಿನಡತೆಯ 2002ರ ನಿಯಮಗಳ ಪ್ರಕಾರ ರೋಗಿ ಕೇಳಿದ 72 ಗಂಟೆಗಳೊಳಗೆ ಅದನ್ನು ಒದಗಿಸಬೇಕು, ಮೂರು ವರ್ಷ ಕಾದಿಡಬೇಕು. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಸಾಕ್ಷಿಯಿರುವುದಿಲ್ಲ, ಬರೆದು ಕೇಳಿ.

ಕೌಟುಂಬಿಕ ನ್ಯಾಯಾಲಯ ಮುಂದೆ ದಾಖಲೆ ತರಿಸಿಕೊಳ್ಳುವ ಸಾಧ್ಯತೆಯನ್ನು ತಳ್ಳಿಹಾಕಲಾಗದು. ನಮ್ಮ ಸಾಕ್ಷ್ಯ ಕಾನೂನು ವಕೀಲರಿಗೂ ಕಕ್ಷಿದಾರರಿಗೂ ನಡುವಿನ ಮಾತಿಗೆ ಕೊಟ್ಟ ರಕ್ಷಣೆಯನ್ನು ವೈದ್ಯರಿಗೂ ರೋಗಿಗೂ ನಡುವಿನ ಮಾತಿಗೆ ಕೊಟ್ಟಿಲ್ಲ. ವೈವಾಹಿಕ ಪ್ರಕರಣದಲ್ಲಿ ವೈದ್ಯಕೀಯ ಪರೀಕ್ಷೆಗೆ ಆದೇಶಿಸುವ ಅಧಿಕಾರ ನ್ಯಾಯಾಲಯಕ್ಕಿದೆಯೆಂದು ಶಾರದಾ ವಿರುದ್ಧ ಧರ್ಮಪಾಲ್ ಪ್ರಕರಣದಲ್ಲಿ 2003ರಲ್ಲಿಯೇ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾದಾಗ ನಿಮ್ಮ ವಕೀಲರು ಎರಡು ಬೇಡಿಕೆ ಇಡಲಿ: ದಾಖಲೆ ಮೊಹರು ಮಾಡಿದ ಲಕೋಟೆಯಲ್ಲಿ ಬರಲಿ, ವಿಚಾರಣೆ ಮುಚ್ಚಿದ ಕೋಣೆಯಲ್ಲಿ ನಡೆಯಲಿ. ಎರಡನೆಯದನ್ನು ನ್ಯಾಯಾಲಯ ನಿರಾಕರಿಸುವಂತಿಲ್ಲ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 11ನೆಯ ಕಲಮಿನ ಪ್ರಕಾರ ಇಬ್ಬರಲ್ಲಿ ಒಬ್ಬರು ಬಯಸಿದರೂ ಹಾಗೆಯೇ ನಡೆಸಬೇಕು. ಕಡತ ಹೊರಬಂದಿತೆಂದು ಕೇಸು ಸೋತಂತೆಯೂ ಅಲ್ಲ. ಕಾಯಿಲೆಯೊಂದರ ಹೆಸರು ವಿಚ್ಛೇದನಕ್ಕೆ ಸಾಲದು, ಒಟ್ಟಿಗೆ ಬಾಳುವುದು ಅಸಾಧ್ಯ ಎನ್ನುವಷ್ಟು ಅದರ ತೀವ್ರತೆ ಸಾಬೀತಾಗಬೇಕು ಎಂದು ಸುಪ್ರೀಂ ಕೋರ್ಟ್ 1988ರಲ್ಲಿ ತೀರ್ಪು ಕೊಟ್ಟಿದೆ. ಮಾನಸಿಕ ಕಾಯಿಲೆಯೆಂದು ಗುರುತಿಸಿದ ಮಾತ್ರಕ್ಕೆ ಬುದ್ಧಿ ಸ್ಥಿಮಿತವಿಲ್ಲ ಎಂದಾಗುವುದಿಲ್ಲವೆಂದು 2017ರ ಕಾಯ್ದೆಯ 3ನೆಯ ಕಲಮೂ ಹೇಳುತ್ತದೆ. ಎಂಟು ತಿಂಗಳಲ್ಲಿ ಗುಣವಾದಿರಿ ಎಂಬ ಸಾಕ್ಷಿಯೂ ಆ ಕಡತದೊಳಗೇ ಇದೆ ಎಂಬುದನ್ನು ನಿಮ್ಮ ವಕೀಲರಿಗೆ ನೆನಪಿಸಿ.

ಪ್ರಶ್ನೆ: ನಾನು ರಾತ್ರಿ ಎಐ ಚಾಟ್‌ಬಾಟ್ ಜೊತೆ ಎಲ್ಲವನ್ನೂ ಹೇಳಿಕೊಳ್ಳುತ್ತೇನೆ. ಮನುಷ್ಯರಿಗಿಂತ ಅದೇ ವಾಸಿ, ಯಾರಿಗೂ ಹೇಳುವುದಿಲ್ಲವಲ್ಲ? — ಕಲಬುರಗಿ, ವಿದ್ಯಾರ್ಥಿ

ಉತ್ತರ: ಅದು ಹರಟೆಕಟ್ಟೆಯಲ್ಲಿ ಹೇಳುವುದಿಲ್ಲ, ಅಷ್ಟು ಮಟ್ಟಿಗೆ ನಿಜ. ಆದರೆ ಬರೆದದ್ದು ಒಂದು ಕಂಪನಿಯ ಸರ್ವರಿನಲ್ಲಿ ಉಳಿಯುತ್ತದೆ, ಸೆಟ್ಟಿಂಗ್ ಹೇಗಿದೆಯೋ ಹಾಗೆ ಮುಂದಿನ ಮಾದರಿಗಳ ತರಬೇತಿಗೂ ಬಳಕೆಯಾಗಬಹುದು. ವೈದ್ಯರ ಮೇಲಿರುವ ಗೋಪ್ಯತೆಯ ವೃತ್ತಿಧರ್ಮ ಯಂತ್ರಕ್ಕಿಲ್ಲ. ತರಬೇತಿಗೆ ಬಿಡುವ ಆ ಸೆಟ್ಟಿಂಗನ್ನು ಆಫ್ ಮಾಡಿ. ನಿಮ್ಮ, ಗೆಳೆಯರ, ಕಾಲೇಜಿನ ಹೆಸರು ಬರೆಯಬೇಡಿ. ಹಾಸ್ಟೆಲಿನ ಹಂಚಿಕೆಯ ಕಂಪ್ಯೂಟರಿನಲ್ಲಿ ಲಾಗಿನ್ ಬಿಟ್ಟು ಏಳಬೇಡಿ. ರಾತ್ರಿ ಎರಡಕ್ಕೂ 14416ರಲ್ಲಿ ಮನುಷ್ಯರು ಫೋನ್ ಎತ್ತುತ್ತಾರೆ.

ಪ್ರಶ್ನೆ: ಮನಶ್ಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಮೈಸೂರಿನಲ್ಲಿ ಸ್ವಂತ ಸಮಾಲೋಚನಾ ಕೇಂದ್ರ ತೆರೆದು ಆರು ತಿಂಗಳಾಯಿತು. ಹೆಸರು ನೋಂದಣಿ ಗೂಗಲ್ ಫಾರ್ಮಿನಲ್ಲಿ, ಸಮಯ ನಿಗದಿ ವಾಟ್ಸ್‌ಆ್ಯಪಿನಲ್ಲಿ, ಟಿಪ್ಪಣಿ ಲ್ಯಾಪ್‌ಟಾಪಿನಲ್ಲಿ. ನನ್ನಂಥ ಸಣ್ಣವಳ ಬಳಿ ಕದಿಯುವಂಥದ್ದೇನಿದೆ ಮೇಡಂ? — ಮೈಸೂರು

ಉತ್ತರ: ಕದಿಯುವಂಥದ್ದೇ ಇದೆ, ತಾಯಿ. ಫಿನ್ಲೆಂಡಿನಲ್ಲಿ ವಾಸ್ತಾಮೊ ಎಂಬ ಮನೋಚಿಕಿತ್ಸಾ ಸಂಸ್ಥೆಯಿತ್ತು. ಅದರ ಕಂಪ್ಯೂಟರಿಗೆ 2018ರಲ್ಲಿ ಕನ್ನ ಬಿದ್ದಿತು, ಲೋಕಕ್ಕೆ ತಿಳಿದದ್ದು 2020ರ ಅಕ್ಟೋಬರ್‌ನಲ್ಲಿ. ಸುಮಾರು 33,000 ಜನರ ದಾಖಲೆ, ಅದರಲ್ಲಿ ಚಿಕಿತ್ಸಕರು ಬರೆದುಕೊಂಡ ಟಿಪ್ಪಣಿಗಳೂ ಸೇರಿ, ಕಳ್ಳನ ಕೈಸೇರಿತು. ಮೊದಲು ಸಂಸ್ಥೆಯನ್ನೇ 40 ಬಿಟ್‌ಕಾಯಿನ್ ಕೇಳಿದ. ಸಿಗದಿದ್ದಾಗ ಒಬ್ಬೊಬ್ಬ ರೋಗಿಗೂ ಇಮೇಲ್ ಬಂತು, ಒಂದು ದಿನದೊಳಗೆ 200 ಯೂರೊ ಕೊಡಿ, ತಡವಾದರೆ 500, ಇಲ್ಲದಿದ್ದರೆ ನೀವು ಚಿಕಿತ್ಸಕರಿಗೆ ಹೇಳಿಕೊಂಡದ್ದನ್ನು ಪ್ರಕಟಿಸುತ್ತೇನೆ ಎಂದು. ಕೇವಲ 55 ಲಕ್ಷ ಜನರ ದೇಶದಲ್ಲಿ ಎಷ್ಟು ಮನೆಗಳ ನಿದ್ದೆ ಕೆಟ್ಟಿರಬೇಕು, ಲೆಕ್ಕ ಹಾಕಿ. ಮರುವರ್ಷ ಸಂಸ್ಥೆ ದಿವಾಳಿಯಾಯಿತು. 2024ರ ಏಪ್ರಿಲ್‌ನಲ್ಲಿ ಅಲ್ಲಿನ ಜಿಲ್ಲಾ ನ್ಯಾಯಾಲಯ ಆರೋಪಿಗೆ ಆರು ವರ್ಷ ಮೂರು ತಿಂಗಳ ಸೆರೆ ವಿಧಿಸಿತು. ಅಂಥ ಕಳ್ಳನಿಗೆ ಸಂಸ್ಥೆ ದೊಡ್ಡದೋ ಚಿಕ್ಕದೋ ಎಂಬುದು ಮುಖ್ಯವಲ್ಲ, ನಾಚಿಕೆಗೆ ಬೆಲೆ ಕಟ್ಟಬಹುದೇ ಎಂಬುದು ಮುಖ್ಯ.

ನಿಮ್ಮ ಪದವಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಭಾರತೀಯ ಪುನರ್ವಸತಿ ಮಂಡಳಿಯಲ್ಲಿ (ಆರ್‌ಸಿಐ) ನೋಂದಾಯಿತರಾದ ಕ್ಲಿನಿಕಲ್ ಸೈಕಾಲಜಿಸ್ಟರು ಕಾನೂನಿನ ಹಿಡಿತಕ್ಕೆ ಸ್ಪಷ್ಟವಾಗಿ ಬರುತ್ತಾರೆ; ನಿಮ್ಮಂತೆ ಎಂ.ಎಸ್ಸಿ. ಮುಗಿಸಿ ಕೇಂದ್ರ ತೆರೆದವರನ್ನು 23ನೆಯ ಕಲಮು ಎಷ್ಟರಮಟ್ಟಿಗೆ ಕಟ್ಟುತ್ತದೆ ಎಂಬುದಕ್ಕೆ ವಾದ ಪ್ರತಿವಾದಗಳಿವೆ. ಆದ್ದರಿಂದ ನಿಮ್ಮಲ್ಲಿಗೆ ಬಂದವರನ್ನು ಕಾಯುವುದು ಮುಖ್ಯವಾಗಿ ನೀವೇ ಬರೆದು ಸಹಿ ಹಾಕಿಕೊಟ್ಟ ಒಪ್ಪಂದ. ಕನ್ನಡದಲ್ಲಿ ಒಂದು ಪುಟ ಸಾಕು: ಏನನ್ನು ಬರೆದಿಡುತ್ತೀರಿ, ಎಲ್ಲಿ, ಎಷ್ಟು ಕಾಲ, ಯಾವ ಸಂದರ್ಭದಲ್ಲಿ ಯಾರಿಗೆ ಹೇಳಬೇಕಾದೀತು. ನಾನೂ ನೀವೂ ಓದದೆಯೇ ಒತ್ತುವ ಆ ಉದ್ದನೆಯ ಇಂಗ್ಲಿಷ್ ಷರತ್ತುಗಳನ್ನು ದಯವಿಟ್ಟು ನಕಲು ಮಾಡಬೇಡಿ.

ಗೂಗಲ್ ಫಾರ್ಮಿನಲ್ಲಿ ಸಮಸ್ಯೆಯ ವಿವರ ಕೇಳುವುದನ್ನು ಇಂದೇ ನಿಲ್ಲಿಸಿ. ಹೆಸರು, ಸಂಖ್ಯೆ, ಬಿಡುವಿನ ವೇಳೆ ಸಾಕು, ಕಷ್ಟವನ್ನು ಅವರು ಎದುರಿಗೆ ಬಂದು ಹೇಳಲಿ. ವಾಟ್ಸ್‌ಆ್ಯಪಿನ ಸಂದೇಶ ದಾರಿಯಲ್ಲಿ ಭದ್ರವಾಗಿದ್ದರೂ ಇಬ್ಬರ ಫೋನಿನಲ್ಲೂ ಬ್ಯಾಕಪ್ಪಿನಲ್ಲೂ ಕೂತಿರುತ್ತದೆ. ಗಂಡನೋ ಅತ್ತೆಯೋ ಫೋನ್ ಎತ್ತಿಕೊಂಡಾಗ ಪರದೆಯ ಮೇಲೆ ನಿಮ್ಮ ಕೇಂದ್ರದ ಹೆಸರು ಮಿನುಗಿದರೆ ಸಾಕು, ಗುಟ್ಟು ರಟ್ಟಾಯಿತು. ಸಂದೇಶ ಯಾವ ಹೆಸರಿನಲ್ಲಿ, ಯಾವ ಹೊತ್ತಿನಲ್ಲಿ ಬರಬೇಕೆಂದು ಅವರನ್ನೇ ಕೇಳಿ. ಯುಪಿಐ ಪಾವತಿಯೂ ಹಾಗೆಯೇ, ಬ್ಯಾಂಕಿನ ಪಟ್ಟಿಯಲ್ಲಿ ಏನೆಂದು ಕಾಣಿಸುತ್ತದೆಂದು ಒಮ್ಮೆ ನೋಡಿಕೊಳ್ಳಿ. ಲ್ಯಾಪ್‌ಟಾಪಿನ ಡಿಸ್ಕ್‌ಗೆ ಪೂರ್ತಿ ಬೀಗವಿರಲಿ. ಟಿಪ್ಪಣಿಗೆ ಸಂಖ್ಯೆ ಹಾಕಿ, ಯಾವ ಸಂಖ್ಯೆ ಯಾರದೆಂಬ ಪಟ್ಟಿಯನ್ನು ಬೇರೆಡೆ ಕಾಗದದಲ್ಲಿಡಿ. ಎಲ್ಲಕ್ಕಿಂತ ಮುಖ್ಯವಾಗಿ ಕಡಿಮೆ ಬರೆಯಿರಿ. ಚಿಕಿತ್ಸೆಯನ್ನು ಮುಂದುವರಿಸಲು ಬೇಕಾದದ್ದು ಒಂದು, ನಿಮಗೆ ಕುತೂಹಲವೆನ್ನಿಸಿದ್ದು ಇನ್ನೊಂದು. ಬಂದವರ ಬಾವನ, ಮಾಲೀಕನ, ಹಳೆಯ ಗೆಳೆಯನ ಹೆಸರುಗಳೂ ನಿಮ್ಮ ಟಿಪ್ಪಣಿಯಲ್ಲಿ ಸೇರಿಕೊಳ್ಳುತ್ತವೆ, ಅವರ್ಯಾರೂ ನಿಮಗೆ ಒಪ್ಪಿಗೆ ಕೊಟ್ಟಿಲ್ಲ. ಹಿರಿಯರೊಡನೆ ಪ್ರಕರಣವನ್ನು ಚರ್ಚಿಸುವಾಗ ಊರು, ಜಾತಿ, ಕೆಲಸ ಮೂರನ್ನೂ ಬದಲಿಸಿ ಹೇಳಿ. ಮೈಸೂರು ಅಷ್ಟು ದೊಡ್ಡ ಊರಲ್ಲ.

ಇನ್ನೊಂದನ್ನು ಈ ವೃತ್ತಿಗೆ ಬಂದ ಹೊಸಬರಿಗೆ ಯಾರೂ ಹೇಳಿಕೊಡುವುದಿಲ್ಲ. ನಾಳೆ ನಿಮಗೇ ಏನಾದರೂ ಆದರೆ ಆ ಲ್ಯಾಪ್‌ಟಾಪ್ ಯಾರ ಕೈಗೆ ಹೋಗುತ್ತದೆ? ನನ್ನ ಪರಿಚಯದ ಹಿರಿಯರೊಬ್ಬರು ತೀರಿಕೊಂಡಾಗ ನಲವತ್ತು ವರ್ಷಗಳ ಕೇಸ್ ಪುಸ್ತಕಗಳು ಅವರ ಮನೆಯ ಅಟ್ಟದ ಮೇಲಿದ್ದವು. ಮಕ್ಕಳು ರದ್ದಿಗೆ ಹಾಕಲು ಕೆಳಗಿಳಿಸಿದ್ದರು, ತೂಕದವನು ಬಾಗಿಲಲ್ಲಿ ನಿಂತಿದ್ದ. ಅದೃಷ್ಟಕ್ಕೆ ಅವರ ಸಹೋದ್ಯೋಗಿಯೊಬ್ಬರು ಆ ದಿನ ಸಂತಾಪ ಹೇಳಲು ಹೋಗಿದ್ದರು. ನಂಬಿಕೆಯ ಸಹವೃತ್ತಿಯವರೊಬ್ಬರ ಹೆಸರು ಬರೆದು, ಪಾಸ್‌ವರ್ಡ್ ಮೊಹರು ಮಾಡಿದ ಲಕೋಟೆಯಲ್ಲಿಟ್ಟು, ಅದು ಎಲ್ಲಿದೆಯೆಂದು ಮನೆಯಲ್ಲಿ ಒಬ್ಬರಿಗೆ ತಿಳಿಸಿಡಿ.